ಎಷ್ಟು ದೂರ? ಎಷ್ಟು ಹೊತ್ತು?

ಒಂದು ಸಂಜೆ ಆವರಗೆರೆಯ ಕಲಿಕಾ ಕೇಂದ್ರದಲ್ಲಿ ನಾವು ಒಂದು ಪ್ರಶ್ನೆ ಕೇಳಿದೆವು.

“ಇಲ್ಲಿಂದ ಬೆಂಗಳೂರು ಎಷ್ಟು ದೂರ?”

“ಆರು ತಾಸು” ಎಂದರು ಒಬ್ಬರು.

“ಒಂದು ರಾತ್ರಿ. ಉಂಡು ಬಸ್ಸು ಹತ್ತಿದರೆ ಬೆಳಕು ಹರಿಯೋದ್ರೊಳಗೆ ಬೆಂಗಳೂರು” ಎಂದರು ಇನ್ನೊಬ್ಬರು.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಹೇಳಿದಳು: “ಈಗ ಆಧಾರ್ ಕಾರ್ಡಿನಷ್ಟು ದೂರ ನೋಡವ್ವ.”

ಎಲ್ಲರೂ ನಕ್ಕರು. ಅಜ್ಜಿಯ ಮಾತೂ ಸುಳ್ಳಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿಗೆ ದುಡ್ಡು ಕೊಡುವುದು ತಪ್ಪಿತು. ಆಮೇಲೆ ಎಷ್ಟೋ ಜನ ಅಕ್ಕಂದಿರಿಗೆ ಬೆಂಗಳೂರು ಹತ್ತಿರವಾಯಿತು. ಊರು ಇದ್ದಲ್ಲೇ ಇದೆ, ಆದರೂ ಹತ್ತಿರವಾಯಿತು!

ಆದರೆ ಒಂದು ವಿಷಯ ಗಮನಿಸಿ. ನಾವು ಕೇಳಿದ್ದು ದೂರ. ಅವರು ಹೇಳಿದ್ದು ಹೊತ್ತು. ಕಿಲೋಮೀಟರಿನ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಇದು ತಪ್ಪೇನಲ್ಲ. ನಮ್ಮ ಹಿರಿಯರು ದೂರವನ್ನು ಹೀಗೇ ಅಳೆಯುತ್ತಿದ್ದರು. ಕೂಗಿದರೆ ಕೇಳುವಷ್ಟು ದೂರಕ್ಕೆ ಕೂಗಳತೆ ಎಂದರು. ಸುಮಾರು ಮೂರು ಮೈಲಿಗೆ ಹರದಾರಿ ಎಂದರು. ಅದಕ್ಕೂ ದೂರಕ್ಕೆ ಗಾವುದ. ಇಷ್ಟು ದಾರಿಗೆ ಎಷ್ಟು ರೊಟ್ಟಿ ಬುತ್ತಿ ಕಟ್ಟಬೇಕು ಅನ್ನುವುದೂ ಅವರಿಗೆ ಗೊತ್ತಿತ್ತು. ಆಗ ಎಲ್ಲರೂ ನಡೆದೇ ಹೋಗುತ್ತಿದ್ದರು, ಇಲ್ಲವೇ ಗಾಡಿ ಕಟ್ಟುತ್ತಿದ್ದರು. ದೂರ ಹೇಳಿದರೆ ಹೊತ್ತು ಹೇಳಿದ ಹಾಗೇ ಆಗುತ್ತಿತ್ತು.

ಈಗ ಹಾಗಿಲ್ಲ. ಬಸ್ಸಿದೆ, ರೈಲಿದೆ, ವಿಮಾನವಿದೆ. ದೂರ ಒಂದೇ ಇದ್ದರೂ ಹೊತ್ತು ಬೇರೆ ಬೇರೆ. ಇದನ್ನು ತಿಳಿಯದೆ ಹೊರಟರೆ ಏನಾಗುತ್ತದೆ? ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನಿಗೆ ಆದದ್ದನ್ನು ಹೇಳುತ್ತೇವೆ. ಹೆಸರು ಬೇಡ ಎಂದಿದ್ದಾರೆ.

ಆಕೆಯ ಅವ್ವನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. 15ನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಆಪರೇಶನ್. ಒಳಗೆ ಕರೆದುಕೊಂಡು ಹೋಗುವ ಮೊದಲು ಒಂದು ಸಲ ಮುಖ ನೋಡಬೇಕು ಅಂತ ಅಕ್ಕನ ಆಸೆ. ಪಕ್ಕದ ಮನೆಯ ಹುಡುಗ ರೈಲಿನ ಟಿಕೀಟು ಮಾಡಿಸಿಕೊಟ್ಟ. ಅದರಲ್ಲಿ 15ನೇ ತಾರೀಖು ಎಂದಿತ್ತು. ಹೊತ್ತು 00:25 ಎಂದಿತ್ತು.

ಆಗ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಅಂಕಿ ಮಾತ್ರ ಗುರುತು ಸಿಗುತ್ತಿತ್ತು. 15 ಎಂಬುದು ತಿಳಿಯಿತು. “ರಾತ್ರಿ ಹನ್ನೆರಡೂವರೆ ಗಾಡಿ” ಅಂತ ಹುಡುಗ ಬಾಯಲ್ಲೂ ಹೇಳಿದ್ದ. ಅಷ್ಟು ಹೊತ್ತಿಗೆ ಹೊರಟು ಬೆಳಿಗ್ಗೆ ಹತ್ತರೊಳಗೆ ಹೇಗೆ ಮುಟ್ಟುವುದು ಅಂತ ಆಕೆ ಲೆಕ್ಕ ಹಾಕಲಿಲ್ಲ. ಮನಸ್ಸು ಅವ್ವನ ಹತ್ತಿರ ಇತ್ತು. 15ನೇ ತಾರೀಖು ರಾತ್ರಿ ಉಂಡು, ಗಂಡನ ಜೊತೆ ಹನ್ನೊಂದು ಗಂಟೆಗೇ ದಾವಣಗೆರೆ ಸ್ಟೇಷನ್ನಿಗೆ ಹೋಗಿ ಕೂತಳು.

ಅಲ್ಲಿದ್ದವರೊಬ್ಬರು ಟಿಕೀಟು ನೋಡಿ ಹೇಳಿದರು: “ಅವ್ವಾ, ಇದು ನಿನ್ನೆ ರಾತ್ರೀ ಗಾಡಿ.”

ರೈಲಿನವರ ಲೆಕ್ಕದಲ್ಲಿ ರಾತ್ರಿ ಹನ್ನೆರಡು ಹೊಡೆದ ಕೂಡಲೇ ತಾರೀಖು ಬದಲಾಗುತ್ತದೆ. ನಮ್ಮ ಲೆಕ್ಕದಲ್ಲಿ ಹಾಗಲ್ಲ. ನಮಗೆ ಮಲಗಿ ಎದ್ದ ಮೇಲೇ ಮಾರನೇ ದಿನ. ಹಾಗಾಗಿ 15ನೇ ತಾರೀಖಿನ 00:25 ಎಂದರೆ 14ನೇ ತಾರೀಖು ರಾತ್ರಿ ಉಂಡು ಹೋಗಬೇಕಾದ ಗಾಡಿ. ಅಕ್ಕ ಸ್ಟೇಷನ್ನಿಗೆ ಹೋಗುವ ಹೊತ್ತಿಗೆ ಆ ಗಾಡಿ ಹೋಗಿ ಹತ್ತಿರ ಹತ್ತಿರ ಒಂದು ದಿನವೇ ಆಗಿತ್ತು. ಅವ್ವನ ಆಪರೇಶನ್ನೂ ಮುಗಿದಿತ್ತು.

ಬಸ್ಸು ಹಿಡಿದು ಮಾರನೇ ಬೆಳಿಗ್ಗೆ ಮುಟ್ಟಿದಳು. ಅವ್ವ ಕಣ್ಣು ಬಿಟ್ಟು, “ಈಗ ಬಂದ್ಯೇನವ್ವ?” ಎಂದಳಂತೆ. ಅವ್ವ ಈಗ ಆರಾಮಾಗಿದ್ದಾಳೆ. ಆದರೂ ಆ ಮಾತು ನೆನೆದರೆ ಅಕ್ಕನ ಕಣ್ಣಲ್ಲಿ ಇವತ್ತಿಗೂ ನೀರು. ನಮ್ಮ ಕೇಂದ್ರಕ್ಕೆ ಬಂದು ಆಕೆ ಮೊದಲು ಕೇಳಿದ್ದು ಅಕ್ಷರವನ್ನಲ್ಲ. “ಟಿಕೀಟು ಓದೋದು ಹೇಳ್ಕೊಡ್ರಿ” ಎಂದಳು.

ಹಾಗಾದರೆ ನಾವೂ ಟಿಕೀಟಿನಿಂದಲೇ ಶುರು ಮಾಡೋಣ.

ನಮ್ಮ ಮನೆಯ ಗಡಿಯಾರದಲ್ಲಿ 12 ಅಂಕಿ. ಅದು ದಿನಕ್ಕೆ ಎರಡು ಸುತ್ತು ಸುತ್ತುತ್ತದೆ. ಎಂಟು ಗಂಟೆ ಎಂದರೆ ಬೆಳಗಿನ ಎಂಟೋ, ರಾತ್ರಿ ಎಂಟೋ ಕೇಳಬೇಕು. ರೈಲಿನವರು, ವಿಮಾನದವರು ಈ ಗೊಂದಲ ಬೇಡವೆಂದು 24 ಗಂಟೆಯ ಲೆಕ್ಕ ಇಟ್ಟಿದ್ದಾರೆ. ಮಧ್ಯಾಹ್ನ ಹನ್ನೆರಡರ ತನಕ ನಮ್ಮ ಹಾಗೇ. ಆಮೇಲೆ ಒಂದು ಗಂಟೆಗೆ 13, ಎರಡಕ್ಕೆ 14. ಹೀಗೇ ರಾತ್ರಿ ಹನ್ನೊಂದಕ್ಕೆ 23. ಮಧ್ಯರಾತ್ರಿ ಹನ್ನೆರಡಕ್ಕೆ 00.

13ಕ್ಕಿಂತ ದೊಡ್ಡ ಅಂಕಿ ಕಂಡರೆ 12 ಕಳೆಯಿರಿ. 13 ಕಂಡರೂ ಅಷ್ಟೇ. 20:15 ಎಂದಿದ್ದರೆ 20ರಲ್ಲಿ 12 ಹೋದರೆ 8. ಅಂದರೆ ರಾತ್ರಿ ಎಂಟೂಕಾಲು. 00 ಎಂದು ಕಂಡರೆ ಮಾತ್ರ ಎರಡು ಸಲ ನೋಡಿ. ಹಿಂದಿನ ದಿನ ಸಂಜೆಯೇ ಚೀಲ ಕಟ್ಟಿ.

ಇನ್ನು ದೂರ. ಆವರಗೆರೆ ಇರುವುದು ಹಳೆಯ ಪಿ.ಬಿ. ರಸ್ತೆಯ ಮಗ್ಗುಲಲ್ಲಿ. ಪಿ.ಬಿ. ಅಂದರೆ ಪುಣೆ-ಬೆಂಗಳೂರು. ಎಷ್ಟೋ ವರ್ಷ ಆ ಹೆಸರು ಹೇಳಿಕೊಂಡು ಓಡಾಡಿದ ನಾವು ಅದರ ಅರ್ಥ ಕೇಳಿರಲಿಲ್ಲ. ಈಗ ದೊಡ್ಡ ಹೆದ್ದಾರಿ ಬೇರೆ ಆಗಿದೆ. ಅದರ ನಂಬರು 48. ಮೊದಲು 4 ಎಂದಿತ್ತು. ರಾಷ್ಟ್ರೀಯ ಹೆದ್ದಾರಿಯ ಕಿಲೋಮೀಟರು ಕಲ್ಲಿಗೆ ಮೇಲೆ ಹಳದಿ ಬಣ್ಣ ಬಳಿದಿರುತ್ತಾರೆ. ರಾಜ್ಯ ಹೆದ್ದಾರಿಯ ಕಲ್ಲಾದರೆ ಹಸಿರು. ಕಲ್ಲಿನ ಮೇಲೆ ಮುಂದಿನ ಊರಿನ ಹೆಸರು, ಕೆಳಗೆ ಅಂಕಿ. ಬಸ್ಸಿನ ಕಿಟಕಿ ಪಕ್ಕ ಕೂತಾಗ ಓದುತ್ತಾ ಹೋಗಿ. ಅಂಕಿ ಇಳಿಯುತ್ತಾ ಬಂದರೆ ಊರು ಹತ್ತಿರ ಬಂತೆಂದು ಅರ್ಥ. ಯಾರನ್ನೂ ಕೇಳುವುದು ಬೇಕಿಲ್ಲ.

ದಾವಣಗೆರೆಯಿಂದ ಹರಿಹರ 14 ಕಿಲೋಮೀಟರು. ಬೆಂಗಳೂರು ರಸ್ತೆಯ ಮೇಲೆ ಸುಮಾರು 260 ಕಿಲೋಮೀಟರು.

ಬಸ್ಸು ಹೆದ್ದಾರಿಯಲ್ಲಿ ತಾಸಿಗೆ 70 ಕಿಲೋಮೀಟರು ಓಡುತ್ತದೆ ಎನ್ನಿ. 260ಕ್ಕೆ ನಾಲ್ಕು ತಾಸು ಸಾಕಾಗಬೇಕಿತ್ತು. ಹಾಗಾದರೆ ಆರು ತಾಸು ಯಾಕೆ?

ಈ ಪ್ರಶ್ನೆಗೆ ಕೇಂದ್ರದಲ್ಲಿ ಎಲ್ಲರೂ ಒಟ್ಟಿಗೇ ಬಾಯಿ ಹಾಕಿದರು. ಚಿತ್ರದುರ್ಗದಲ್ಲಿ ಒಳಗೆ ಹೋಗಿ ಬರ್ತೈತೆ. ಹಿರಿಯೂರಲ್ಲಿ ನಿಲ್ತೈತೆ. ಶಿರಾದ ಹತ್ತಿರ ಚಾಗೆ ಇಳಿಸ್ತಾರೆ. ತುಮಕೂರಲ್ಲಿ ಜನ ಹತ್ತಿ ಇಳೀಬೇಕು. ನೆಲಮಂಗಲ ದಾಟಿದ ಮೇಲೆ ಗೊರಗುಂಟೆಪಾಳ್ಯದ ಹತ್ತಿರ ಬಸ್ಸು ಎಮ್ಮೆ ಹಂಗೆ ನಿಂತುಬಿಡ್ತೈತೆ! ಓಡುವ ಹೊತ್ತು ನಾಲ್ಕು ತಾಸು, ನಿಲ್ಲುವ ಹೊತ್ತು ಎರಡು ತಾಸು. ಎರಡೂ ಕೂಡಿದರೇ ನಿಮ್ಮ ಪ್ರಯಾಣ.

ರೈಲಿನ ಕತೆ ಬೇರೆ. ಅದೇ ದಾವಣಗೆರೆ, ಅದೇ ಬೆಂಗಳೂರು. ಆದರೆ ರೈಲಿನಲ್ಲಿ 326 ಕಿಲೋಮೀಟರು! ಅರವತ್ತಕ್ಕೂ ಹೆಚ್ಚು ಕಿಲೋಮೀಟರು ಎಲ್ಲಿಂದ ಬಂತು? ಹಳಿ ಹೋಗುವ ದಾರಿಯೇ ಸುತ್ತು. ರಸ್ತೆ ಚಿತ್ರದುರ್ಗ, ಹಿರಿಯೂರು, ಶಿರಾ ಹಿಡಿದು ಹೋಗುತ್ತದೆ. ರೈಲು ಚಿಕ್ಕಜಾಜೂರು, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಸುತ್ತಿ ತುಮಕೂರಿಗೆ ಬರುತ್ತದೆ. ಈ ಹಳಿ ಮೈಸೂರು ರಾಜರ ಕಾಲದ್ದು. 1889ರಲ್ಲಿ ಹರಿಹರದವರೆಗೆ ಬಂತು. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ.

ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಹಳಿ ಹಾಕುವ ಯೋಜನೆ 2011-12ರ ರೈಲ್ವೆ ಬಜೆಟ್ಟಿನಲ್ಲಿ ಬಂತು. ಸುಮಾರು 190 ಕಿಲೋಮೀಟರಿನ ಹಳಿ. ಅದರ ಮೇಲೆ ರೈಲು ಓಡಿದ ದಿನ ಈ ಸುತ್ತು ತಪ್ಪುತ್ತದೆ.

ದೂರ ಹೆಚ್ಚಾದರೆ ಹೊತ್ತೂ ಹೆಚ್ಚು ಎನ್ನುವ ಹಾಗಿಲ್ಲ, ಅದನ್ನೂ ನೋಡಿ. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಶುರುವಾಯಿತು. ಅದು ದಾವಣಗೆರೆಯಲ್ಲಿ ನಿಲ್ಲುತ್ತದೆ. 326 ಕಿಲೋಮೀಟರು ಸುತ್ತಿದರೂ ನಾಲ್ಕು ತಾಸಿನ ಒಳಗೆ ಮುಟ್ಟಿಸುತ್ತದೆ. 260 ಕಿಲೋಮೀಟರಿನ ಬಸ್ಸಿಗೆ ಆರು ತಾಸು. ರೈಲಿಗೆ ನಿಲ್ದಾಣ ಕಡಿಮೆ, ಎದುರಿಗೆ ಲಾರಿ ಬರುವುದಿಲ್ಲ. ಆದರೆ ಅದರ ಟಿಕೀಟು ದುಬಾರಿ. ಬಸ್ಸಿನಲ್ಲಿ ನಮಗೆ ಪುಕ್ಕಟೆ. ಎರಡು ತಾಸು ಉಳಿಸಲು ಅಷ್ಟು ದುಡ್ಡು ಕೊಡಬೇಕೋ ಬೇಡವೋ, ಅದು ನಿಮ್ಮ ಸೆರಗಿನ ಗಂಟಿಗೆ ಬಿಟ್ಟದ್ದು. ಅವ್ವನ ಆಪರೇಶನ್ ಇದ್ದರೆ ಕೊಡಿ ಎಂದೇ ನಾವು ಹೇಳುತ್ತೇವೆ.

“ವಿಮಾನದಾಗೆ ಒಂದೇ ತಾಸಂತಲ್ರೀ?” ಎಂದು ಒಬ್ಬ ತಂಗಿ ಕೇಳಿದಳು.

ಕೇಳಿದ್ದು ಒಳ್ಳೆಯದಾಯಿತು. ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ನಮಗೆ ಹತ್ತಿರದ್ದು ಶಿವಮೊಗ್ಗದ ಸೋಗಾನೆಯಲ್ಲಿದೆ. ಅದಕ್ಕೆ ಕವಿ ಕುವೆಂಪು ಅವರ ಹೆಸರು. 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಆಕಾಶದಲ್ಲಿ ಹಾರುವ ಹೊತ್ತು ಒಂದು ತಾಸಿನ ಆಸುಪಾಸು. ಅದು ನಿಜ.

ಈಗ ನಾವು ಆವರಗೆರೆಯಿಂದ ಹೊರಡೋಣ. ಸೋಗಾನೆಗೆ ಹತ್ತಿರ ಹತ್ತಿರ 80 ಕಿಲೋಮೀಟರು, ಎರಡು ತಾಸು. ವಿಮಾನ ನಿಲ್ದಾಣಕ್ಕೆ ಮೊದಲೇ ಹೋಗಿರಬೇಕು. ಬಸ್ಸಿನ ಹಾಗೆ ಓಡಿಹೋಗಿ ಕಂಬಿ ಹಿಡಿದು ಹತ್ತುವ ಹಾಗಿಲ್ಲ. ಚೀಲ ತೂಗುತ್ತಾರೆ. ಮೈ ತಪಾಸಣೆ ಮಾಡುತ್ತಾರೆ. ಹೆಣ್ಣುಮಕ್ಕಳನ್ನು ಪರದೆಯ ಒಳಗೆ ಹೆಣ್ಣು ಪೊಲೀಸರೇ ತಪಾಸಣೆ ಮಾಡುತ್ತಾರೆ, ಹೆದರಬೇಡಿ. ಇದಕ್ಕೆಲ್ಲ ಒಂದೂವರೆ ತಾಸು. ಹಾರಲು ಒಂದು ತಾಸು. ಇಳಿದು ಚೀಲ ತೆಗೆದುಕೊಂಡು ಹೊರಗೆ ಬರಲು ಅರ್ಧ ತಾಸು. ಇಳಿದದ್ದು ಎಲ್ಲಿ? ದೇವನಹಳ್ಳಿಯ ಹತ್ತಿರ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿಲೋಮೀಟರು, ಇನ್ನೂ ಒಂದೂವರೆ ತಾಸು.

ಕೂಡಿಸಿ. ಎರಡು, ಒಂದೂವರೆ, ಒಂದು, ಅರ್ಧ, ಒಂದೂವರೆ. ಒಟ್ಟು ಆರೂವರೆ ತಾಸು!

“ಅಯ್ಯೋ, ಬಸ್ಸೇ ಮುಂದೆ ಹೋಯ್ತಲ್ಲ!” ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು.

ಇದು ನಮ್ಮೊಬ್ಬರ ಕತೆಯಲ್ಲ. ಯುರೋಪಿನಲ್ಲಿ ಲಂಡನ್, ಪ್ಯಾರಿಸ್ ಅಂತ ಎರಡು ದೊಡ್ಡ ಊರುಗಳಿವೆ. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಫ್ರಾನ್ಸಿನಲ್ಲಿ. ನಡುವೆ ಸಮುದ್ರ. ನಕ್ಷೆಯ ಮೇಲೆ ದಾರ ಎಳೆದು ಹಿಡಿದರೆ ಸುಮಾರು 340 ಕಿಲೋಮೀಟರು. ವಿಮಾನ ಒಂದೂಕಾಲು ತಾಸಿನಲ್ಲಿ ಹಾರುತ್ತದೆ. ಆದರೂ ಅಲ್ಲಿನ ಜನ ತುಂಬಾ ಮಂದಿ ರೈಲು ಹತ್ತುತ್ತಾರೆ. ಸಮುದ್ರದ ತಳದಲ್ಲಿ ಸುರಂಗ ಕೊರೆದು ಹಳಿ ಹಾಕಿದ್ದಾರೆ. ಸುರಂಗ 1994ರಲ್ಲಿ ತೆರೆಯಿತು. ಉದ್ದ 50 ಕಿಲೋಮೀಟರು. ಹೆಚ್ಚುಕಡಿಮೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋದಷ್ಟು, ಎಲ್ಲಾ ನೆಲದೊಳಗೆ!

ರೈಲಿನ ದಾರಿ ಸುಮಾರು 490 ಕಿಲೋಮೀಟರು. ಬೆಂಗಳೂರಿನಿಂದ ಧಾರವಾಡಕ್ಕೂ ರೈಲಿನಲ್ಲಿ ಸುಮಾರು ಅಷ್ಟೇ. ನಮ್ಮ ವಂದೇ ಭಾರತ್‌ಗೆ ಆರು ತಾಸಿನ ಮೇಲೆ ಬೇಕು. ಅವರ ರೈಲಿಗೆ ಎರಡು ತಾಸು ಇಪ್ಪತ್ತು ನಿಮಿಷದ ಆಸುಪಾಸು. ಅದು ಕೆಲವು ಕಡೆ ತಾಸಿಗೆ 300 ಕಿಲೋಮೀಟರು ಓಡುತ್ತದೆ. ಊರ ನಡುವೆ ಹತ್ತಿಸಿ ಊರ ನಡುವೆ ಇಳಿಸುತ್ತದೆ. ವಿಮಾನ ಇಳಿಸುವುದು ಊರ ಹೊರಗೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ರೈಲೇ ಗೆಲ್ಲುತ್ತದೆ.

ವಿಮಾನ ಗೆಲ್ಲುವುದು ದೂರ ಬಹಳ ಇದ್ದಾಗ. ಬೆಂಗಳೂರಿನಿಂದ ಲಂಡನ್‌ಗೆ ಸುಮಾರು 8,000 ಕಿಲೋಮೀಟರು. ತಾಸಿಗೆ 50 ಕಿಲೋಮೀಟರಿನಂತೆ ಬಸ್ಸು ಎಲ್ಲೂ ನಿಲ್ಲದೆ ಓಡಿದರೆ 160 ತಾಸು ಬೇಕು. ಹತ್ತಿರ ಹತ್ತಿರ ಒಂದು ವಾರ, ಹಗಲೂ ರಾತ್ರಿ! ದೊಡ್ಡ ವಿಮಾನ ತಾಸಿಗೆ 800 ಕಿಲೋಮೀಟರಿಗೂ ಹೆಚ್ಚು ಹಾರುತ್ತದೆ. ಹೋಗಲು ಹತ್ತೂವರೆ, ಹನ್ನೊಂದು ತಾಸು. ಬರಲು ಹತ್ತು ತಾಸಿನ ಆಸುಪಾಸು.

ಹೋಗಲು ಹೆಚ್ಚು, ಬರಲು ಕಡಿಮೆ ಯಾಕೆ? ಹರಿಹರದ ಹೊಳೆಯಲ್ಲಿ ಹರಿಗೋಲು ನೆನೆಯಿರಿ. ನೀರಿನ ಜೊತೆ ಹೋದರೆ ಬೇಗ, ನೀರಿಗೆ ಎದುರು ಹೋದರೆ ನಿಧಾನ. ವಿಮಾನ ಹಾರುವ ಎತ್ತರದಲ್ಲಿ ಗಾಳಿಯ ಹೊಳೆ ಹರಿಯುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಅದರ ಓಟ. ಲಂಡನ್ ನಮಗೆ ಪಶ್ಚಿಮ. ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನಿಂದ ತಳ್ಳುವ ಗಾಳಿ.

ಲಂಡನ್ ಮಾತು ಯಾಕೆ ಬಂತು ಎಂದು ಕೇಳುತ್ತೀರಾ? ರೈಲು ತಪ್ಪಿಸಿಕೊಂಡ ಅಕ್ಕನ ಮಗಳು ಈಗ ಅಲ್ಲಿ ನರ್ಸು. ಮೊದಲ ಸಲ ರಜೆಗೆ ಬರುವವಳಿದ್ದಳು, ಜನವರಿ ತಿಂಗಳಲ್ಲಿ. ಫೋನಿನಲ್ಲಿ ಟಿಕೀಟಿನ ಚಿತ್ರ ಕಳಿಸಿದಳು. ಅಕ್ಕ ಅದನ್ನು ಕೇಂದ್ರಕ್ಕೆ ತಂದಳು. ಲಂಡನ್ ಬಿಡುವುದು 13:00. ಬೆಂಗಳೂರು ಮುಟ್ಟುವುದು 04:30, ಮಾರನೇ ತಾರೀಖು.

ಅಕ್ಕ ಬೆರಳು ಎಣಿಸಿದಳು. ಮಧ್ಯಾಹ್ನ ಒಂದರಿಂದ ಬೆಳಗಿನ ನಾಲ್ಕೂವರೆಗೆ ಹದಿನೈದೂವರೆ ತಾಸು. “ನೀವು ಹತ್ತು ತಾಸು ಅಂದ್ರಿ. ಇನ್ನು ಐದೂವರೆ ತಾಸು ನನ್ನ ಮಗಳು ಎಲ್ಲಿರ್ತಾಳೆ?” ಎಂದಳು. ದನಿಯಲ್ಲಿ ನಡುಕ ಇತ್ತು.

ಎಲ್ಲೂ ಇರುವುದಿಲ್ಲ, ಅಕ್ಕಾ. ಅದು ಗಡಿಯಾರದ ಆಟ.

ಭೂಮಿ ಬುಗುರಿಯಂತೆ ಸುತ್ತುತ್ತದೆ. ಸೂರ್ಯನ ಬೆಳಕು ಎಲ್ಲ ದೇಶಕ್ಕೂ ಒಂದೇ ಸಲ ಬೀಳುವುದಿಲ್ಲ. ಪೂರ್ವದಲ್ಲಿರುವ ನಮಗೆ ಮೊದಲು ಬೆಳಗಾಗುತ್ತದೆ. ನಾವು ಮಧ್ಯಾಹ್ನದ ಮುದ್ದೆಗೆ ಎಸರು ಇಡುವಾಗ ಲಂಡನ್ನಿನಲ್ಲಿ ಇನ್ನೂ ಕೋಳಿ ಕೂಗುವ ಹೊತ್ತು. ಹಾಗಾಗಿ ಅವರ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದೆ ಇಡುತ್ತಾರೆ. ಆಗ ನಾಲ್ಕೂವರೆ ತಾಸು ಹಿಂದೆ. ಟಿಕೀಟಿನಲ್ಲಿ ಬಿಡುವ ಊರಿಗೆ ಆ ಊರಿನ ಗಡಿಯಾರ, ಮುಟ್ಟುವ ಊರಿಗೆ ಆ ಊರಿನ ಗಡಿಯಾರ.

ಲಂಡನ್-ಪ್ಯಾರಿಸ್ ನಡುವೆಯೂ ಹೀಗೇ. ಪ್ಯಾರಿಸ್ಸಿನ ಗಡಿಯಾರ ಒಂದು ತಾಸು ಮುಂದೆ. ಲಂಡನ್ನಿನಲ್ಲಿ ಒಂಬತ್ತಕ್ಕೆ ಹಾರಿದ ವಿಮಾನ ಒಂದೂಕಾಲು ತಾಸು ಹಾರಿ ಇಳಿದಾಗ ಪ್ಯಾರಿಸ್ಸಿನಲ್ಲಿ ಹನ್ನೊಂದೂಕಾಲು. ಪ್ಯಾರಿಸ್ಸಿನಿಂದ ಒಂಬತ್ತಕ್ಕೆ ಹೊರಟರೆ ಲಂಡನ್ನಿನಲ್ಲಿ ಒಂಬತ್ತೂಕಾಲಕ್ಕೇ ಇಳಿಯುತ್ತದೆ! ಕಾಗದ ನೋಡಿದರೆ ಕಾಲು ತಾಸಿನಲ್ಲಿ ಸಮುದ್ರ ದಾಟಿದ ಹಾಗೆ.

ಅಕ್ಕ ಮತ್ತೆ ಎಣಿಸಿದಳು. ಈ ಸಲ ಸ್ಲೇಟಿನ ಮೇಲೆ ಬರೆದಳು. ಅಲ್ಲಿ ಮಧ್ಯಾಹ್ನ ಒಂದು ಎಂದರೆ ಇಲ್ಲಿ ಸಂಜೆ ಆರೂವರೆ. ಅದಕ್ಕೆ ಹತ್ತು ಕೂಡಿಸಿದರೆ ಬೆಳಗಿನ ನಾಲ್ಕೂವರೆ. ಸರಿಹೋಯಿತು.

ಆಮೇಲೆ ನಮ್ಮನ್ನು ಕೇಳದೆ ಆಕೆಯೇ ಮುಂದುವರಿಸಿದಳು. ಮಗಳು ಇಳಿದು, ಪಾಸ್‌ಪೋರ್ಟು ತೋರಿಸಿ, ಪೆಟ್ಟಿಗೆ ತೆಗೆದುಕೊಂಡು ಬರಲು ಒಂದು ತಾಸು. ಐದೂವರೆ. ಅಷ್ಟರೊಳಗೆ ತಾನು ದೇವನಹಳ್ಳಿಯಲ್ಲಿ ಇರಬೇಕು. ಮೆಜೆಸ್ಟಿಕ್‌ನಿಂದ ಒಂದೂವರೆ ತಾಸು. ಅಂದರೆ ನಾಲ್ಕಕ್ಕೆ ಮೆಜೆಸ್ಟಿಕ್. ದಾವಣಗೆರೆಯಿಂದ ಆರು ತಾಸು. ಅಂದರೆ ರಾತ್ರಿ ಹತ್ತಕ್ಕೆ ಬಸ್ಸು. ಒಂದು ತಾಸು ಕೈಯಲ್ಲಿ ಹೆಚ್ಚಿಗೆ ಇರಲಿ, ಒಂಬತ್ತರ ಬಸ್ಸು. ಆವರಗೆರೆಯ ಮನೆ ಬಿಡುವುದು ಎಂಟಕ್ಕೆ.

“ಯಾವ ತಾರೀಖು?” ಎಂದು ನಾವು ಕೇಳಿದೆವು.

ಅಕ್ಕ ನಕ್ಕಳು. ಟಿಕೀಟಿನ ತಾರೀಖಿನ ಪಕ್ಕದಲ್ಲಿ ಬೆರಳಿಟ್ಟಳು. “ಹಿಂದಿನ ದಿನ ರಾತ್ರಿ. ಅದೊಂದು ನಾನು ಮರೀತೀನೇನ್ರಿ?”

ಆ ರಾತ್ರಿ ಮಂಡಕ್ಕಿ, ಚಟ್ನಿಪುಡಿ, ನಾಲ್ಕು ರೊಟ್ಟಿ ಕಟ್ಟಿಕೊಂಡು ಆಕೆ ಒಬ್ಬಳೇ ಬಸ್ಸು ಹತ್ತಿದಳು. ಐದು ಗಂಟೆಗೆ ವಿಮಾನ ನಿಲ್ದಾಣದ ಬಾಗಿಲ ಹೊರಗೆ ಕಂಬಿ ಹಿಡಿದು ನಿಂತಿದ್ದಳು. ಮಗಳು ಹೊರಗೆ ಬಂದದ್ದು ಐದೂಮುಕ್ಕಾಲಿಗೆ.